ಕಾರಣವಿಲ್ಲದ ಎರಡು ಬದಲಾವಣೆಗಳು

"ಏನಕ್ಕಾ, ಮತ್ತೆ ನನ್ನ ಕುರ್ಚೀಲಿ ಕೂತ್ಯಾ?"

ಹೊಸ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಆ ಸಾಲು ಮೂಡಿದ ಕೂಡಲೇ ಅಕ್ಕ ಎರಡೂ ಕೈಗಳನ್ನು ಕೀಬೋರ್ಡಿನಿಂದ ಹಿಂದಕ್ಕೆಳೆದುಕೊಂಡಳು.

"ಈ ಸಾಲು ಹಳೇದಾ, ಹೊಸದಾ?" ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಪತ್ತೇದಾರರು ಮುಂದಕ್ಕೆ ಬಾಗಿದರು.

"ಹಳೇದು ಸರ್. ನಾನು ಕಂಪ್ಯೂಟರ್ ತೆರೆದಾಗೆಲ್ಲ ಹೀಗೆ ಬರೋ ಹಾಗೆ ತಮ್ಮ ಮಾಡಿಟ್ಟಿದ್ದ. ರೇಗಿಸೋಕೆ." ಅವಳು ನಗಲು ಹೋದಳು. ತುಟಿ ಮಾತು ಕೇಳಲಿಲ್ಲ.

ಮಂಜು ಕವಿದ ಒಂದು ಸಂಜೆ, ನದಿ ಸಮುದ್ರ ಸೇರುವಲ್ಲಿ ಪ್ರಯಾಣಿಕರ ದೋಣಿ ಸೇತುವೆಯ ಕಂಬಕ್ಕೆ ಬಡಿದಾಗ ಉಳಿದವರೆಲ್ಲರೂ ಸಿಕ್ಕಿದ್ದರು. ಸಿಗದೇ ಹೋದವನು ಅವಳ ತಮ್ಮನೊಬ್ಬನೇ. ಅವನ ಹೆಗಲ ಬ್ಯಾಗಿನಲ್ಲಿ ಸದಾ ಇರುತ್ತಿದ್ದ ಕಂಪ್ಯೂಟರೂ ಅವನ ಜೊತೆಯೇ ಮುಳುಗಿತೆಂದು ಎಲ್ಲರೂ ನಂಬಿದ್ದರು.

ಅಕ್ಕ ನಂಬಿರಲಿಲ್ಲ. ನಂಬದಿರಲು ಅವಳ ಬಳಿ ಯಾವ ಆಧಾರವೂ ಇರಲಿಲ್ಲ. ಊಟಕ್ಕೆ ಕೂತಾಗ ಎರಡನೇ ತಟ್ಟೆಗೆ ಕೈ ಹಾಕುವುದನ್ನು ಬಿಡಲಾಗಿರಲಿಲ್ಲ, ಅಷ್ಟೇ.

ಅವಳದು ಹಲ್ಲಿನ ಸೆಟ್ಟು ಕಟ್ಟುವ ಕೆಲಸ. ದಂತವೈದ್ಯರು ಕಳಿಸಿದ ಅಚ್ಚಿಗೆ ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ತಿಕ್ಕಿ ಹೊಳಪು ಕೊಡಬೇಕು. ಕಿಟಕಿಯ ಕೆಳಗಿನ ಉದ್ದನೆಯ ಮೇಜಿನ ತುಂಬ ಪ್ಲಾಸ್ಟರಿನ ದವಡೆಗಳು. "ಊರಿಗೆಲ್ಲ ಹಲ್ಲು ಕಟ್ಟಿಕೊಡ್ತೀಯ, ನನ್ನ ಮೇಲೆ ಮಾತ್ರ ಹಲ್ಲು ಕಡೀತೀಯ" ಎನ್ನುವುದು ತಮ್ಮನ ದಿನನಿತ್ಯದ ತಕರಾರು. ಆ ಮೇಜಿನ ಇನ್ನೊಂದು ತುದಿಯೇ ಅವನ ಜಾಗ. ಈಗ ಹೊಸ ಕಂಪ್ಯೂಟರು ಕೂತಿರುವುದು ಅಲ್ಲಿಯೇ.

ಅವಳ ಕೆಲಸಕ್ಕೆ ಅಂಥದ್ದೊಂದು ಬೇಕಾಗಿರಲಿಲ್ಲ. ಆ ಜಾಗ ಖಾಲಿ ಕಾಣಿಸುತ್ತಿದ್ದುದನ್ನು ತಡೆಯಲಾಗದೆ ತಂದಿದ್ದಳು. ತಂದಮೇಲೆ ಅದು ಯಾರದೋ ಮನೆಯ ವಸ್ತುವಿನ ಹಾಗೆ ಕೂತಿತು. ಅಕ್ಷರ ಬೇರೆ, ಬಣ್ಣ ಬೇರೆ, ಕೀ ಒತ್ತಿದರೆ ಆಗುವುದೇ ಬೇರೆ. ಆಗ ನೆನಪಾದದ್ದು, ತಮ್ಮ ಅವಳ ಕೈಗೆ ಕೊಟ್ಟಿದ್ದ ಪುಟ್ಟ ಪೆನ್ ಡ್ರೈವ್. "ಮನೆ ಬೀಗದ ಎರಡನೇ ಕೀ ನಿನ್ನ ಹತ್ರ ಇಲ್ವಾ, ಹಾಗೇ ಇದೂ ಇರಲಿ" ಎಂದಿದ್ದ.

ಪತ್ತೇದಾರರಿಗೆ ಅದೆಲ್ಲ ಹೊಸದು. ದೊಡ್ಡ ಮೈಯ, ಮೆಲುದನಿಯ ಮನುಷ್ಯ. ತಮ್ಮನ ಪರಿಚಯದವರೆಂದು ಹೇಳಿಕೊಂಡು ಅಪಘಾತದ ನಂತರ ತಾವೇ ಬಾಗಿಲು ತಟ್ಟಿ ಬಂದವರು.

"ನನಗೆ ಅರ್ಥ ಆಗೋ ಹಾಗೆ ಹೇಳಮ್ಮ," ಎಂದರು.

"ಹೊಸ ಮನೆಗೆ ಹೋದ್ರೆ ಮಂಚ ಯಾವ ಕಡೆ, ದೀಪ ಯಾವ ಕಡೆ ಅಂತ ನಮಗೆ ಬೇಕಾದ ಹಾಗೆ ಇಟ್ಕೊಳ್ತೀವಲ್ಲ ಸರ್, ಹಾಗೆ. ಅವನು ಯಾವ ಹೊಸ ಕಂಪ್ಯೂಟರ್ ತಂದ್ರೂ ಮೊದಲ ಕೆಲಸ ಇದೇ. ಅಕ್ಷರ ಎಷ್ಟು ದಪ್ಪ, ಬಣ್ಣ ಯಾವುದು, ಯಾವ ಕೀ ಒತ್ತಿದ್ರೆ ಏನಾಗ್ಬೇಕು, ಎಲ್ಲಾನೂ ಸಣ್ಣ ಸಣ್ಣ ಫೈಲಲ್ಲಿ ಬರೆದಿಟ್ಟಿದಾನೆ. ಫೈಲಿನ ಹೆಸರು ಚುಕ್ಕಿಯಿಂದ ಶುರುವಾಗುತ್ತೆ. ಹಾಗಿದ್ರೆ ಸುಮ್ನೆ ನೋಡೋರ ಕಣ್ಣಿಗೆ ಬೀಳಲ್ವಂತೆ."

"ಆ ಫೈಲುಗಳು ಅವನ ಕಂಪ್ಯೂಟರಲ್ಲಿದ್ವು. ಅದು ನದೀಲಿದೆ."

"ಒಂದು ಪ್ರತಿ ಇಂಟರ್ನೆಟ್ಟಲ್ಲೂ ಇರುತ್ತೆ. ಅದಕ್ಕೆ ಉಗ್ರಾಣ ಅಂತಿದ್ದ. ಅವನು ಏನೇ ಬದಲಾಯಿಸಿದ್ರೂ ತಾನಾಗೇ ಅಲ್ಲಿಗೆ ಹೋಗುತ್ತೆ. ಈ ಪೆನ್ ಡ್ರೈವಲ್ಲಿರೋದು ಆ ಉಗ್ರಾಣದ ಬೀಗದಕೈ."

ಹೊಸ ಯಂತ್ರಕ್ಕೆ ಒಂದು ಹೆಸರು ಕೊಡಬೇಕಾಗಿತ್ತು. ತಮ್ಮನದಕ್ಕೆ 'ಕಡ್ಡಿ' ಎಂದು ಹೆಸರು. ಕಡ್ಡಿಯಂತಿದ್ದವನನ್ನು ಗೆಳೆಯರು ಕರೆಯುತ್ತಿದ್ದುದೂ ಹಾಗೆಯೇ. ಅವಳು ಸ್ವಲ್ಪ ಹೊತ್ತು ಯೋಚಿಸಿ 'ಅಕ್ಕ' ಎಂದು ಟೈಪು ಮಾಡಿದ್ದಳು. ಉಗ್ರಾಣದ ಬಾಗಿಲು ತೆರೆಯಿತು. ಅಲ್ಲಿದ್ದ ಯಂತ್ರಗಳ ಸಾಲಿನಲ್ಲಿ 'ಅಕ್ಕ' ಎಂಬ ಹೆಸರೂ ಸೇರಿತು. ಪರದೆ ಕಪ್ಪಾಯಿತು, ಅಕ್ಷರ ದುಂಡಗಾಯಿತು, ತಮ್ಮ ಮಾತಾಡಿದ.

"ಅವನು ಮಾಡಿದ ಒಂದೊಂದು ಬದಲಾವಣೆಗೂ ಒಂದು ಕಾರಣ ಬರೀತಿದ್ದ," ಎಂದಳು ಅಕ್ಕ. "ನೋಡಿ."

ಹಳೆಯದರಿಂದ ಶುರುಮಾಡಿ ಓದುತ್ತ ಹೋದಳು.

'ಕಣ್ಣು ಉರಿ. ಬೆಳಕು ತಗ್ಗಿಸಿದೆ.'

'ಟಣ್ ಅನ್ನೋ ಸದ್ದು ತೆಗೆದೆ. ಅಕ್ಕ ಬೈದಳು.'

'ಸದ್ದು ವಾಪಸ್ ಹಾಕಿದೆ. ಅಕ್ಕ ಮನೇಲಿಲ್ಲ.'

'ಮತ್ತೆ ತೆಗೆದೆ. ಅಕ್ಕ ಬೇಗ ಬಂದಳು.'

ಓದುತ್ತ ಓದುತ್ತ ಅವಳ ದನಿ ಅವನ ದನಿಯ ಏರಿಳಿತವನ್ನೇ ಹಿಡಿಯಿತು. ಅವನು ಇಲ್ಲೇ, ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, ಗಲ್ಲ ಕೆರೆದುಕೊಳ್ಳುತ್ತ ಈ ಸಾಲುಗಳನ್ನು ಬರೆದಿದ್ದ. ಅವಳು ಅತ್ತ ಮುಖ ಮಾಡಿ ಹಲ್ಲು ತಿಕ್ಕುತ್ತ ಕೂತಿದ್ದಳು. ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು. ಏನು ಬರೀತಿದ್ದೀಯೋ ಎಂದು ಒಂದು ಮಾತು ಕೇಳಬಹುದಿತ್ತು.

"ತೀರಾ ಕೆಳಗಡೆ ಎರಡು ಇವೆಯಲ್ಲ," ಪತ್ತೇದಾರರು ಬೆರಳು ತೋರಿಸಿದರು. "ಅವಕ್ಕೆ ಕಾರಣಾನೇ ಇಲ್ಲ."

ಅಕ್ಕ ಅಲ್ಲಿಯವರೆಗೂ ಬಂದಿರಲಿಲ್ಲ. ಈಗ ನೋಡಿದಳು. ಕಾರಣದ ಜಾಗ ಬರಿದಾಗಿತ್ತು. ಪಕ್ಕದಲ್ಲಿ ತಾರೀಖು. ಅದನ್ನು ಓದಿ, ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿದಳು.

"ಸರ್... ಇದು ದೋಣಿ ಮುಳುಗಿದ ಮೇಲಿಂದು."

"ಯಾವ ಯಂತ್ರದಿಂದ?"

"ಕಡ್ಡಿ. ಅವನ ಕಂಪ್ಯೂಟರಿಂದ."

ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು. ಮೇಜಿನ ಮೇಲಿನ ಪ್ಲಾಸ್ಟರಿನ ದವಡೆಗಳು ಸಣ್ಣಗೆ ನಡುಗಿ ಸುಮ್ಮನಾದವು.

"ಏನು ಬದಲಾಗಿದೆ?" ಪತ್ತೇದಾರರ ದನಿ ಮಾತ್ರ ಅಲ್ಲಾಡಲಿಲ್ಲ.

"ಕೀಗಳು. ಬರೆದದ್ದನ್ನ ಉಳಿಸೋಕೆ ಎಲ್ಲ ಕಂಪ್ಯೂಟರಲ್ಲೂ ಎರಡು ಕೀ ಒಟ್ಟಿಗೆ ಒತ್ಬೇಕು. ಅವನು ಅದನ್ನ ಒಂದೇ ಕೀಗೆ ತಂದ್ಕೊಂಡಿದ್ದ, ಬಲತುದೀಲಿ, ಕಿರುಬೆರಳಿನ ಕೆಳಗೆ. ಈಗ ಅದು ಎಡತುದಿಗೆ ಬಂದಿದೆ. ಇನ್ನೊಂದು ಬದಲಾವಣೇನೂ ಅಂಥದ್ದೇ. ಬಲಗಡೆ ಇದ್ದದ್ದೆಲ್ಲ ಎಡಕ್ಕೆ." ಅವಳು ಪತ್ತೇದಾರರ ತೋಳು ಹಿಡಿದುಬಿಟ್ಟಳು. "ಸರ್, ಬಲಗೈಗೆ ಪೆಟ್ಟಾಗಿದೆ ಅವನಿಗೆ! ಒಂದೇ ಕೈಯಲ್ಲಿ ಹೊಡೀತಿದಾನೆ. ಅದಕ್ಕೇ ಕಾರಣ ಬರೆಯೋಕೂ ಆಗಿಲ್ಲ. ಬದುಕಿದಾನೆ ಸರ್. ಎಲ್ಲೋ ಬಿದ್ಕೊಂಡು ಒಂದೇ ಕೈಯಲ್ಲಿ..."

ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇಷ್ಟು ದಿನ ಬಾರದಿದ್ದ ಅಳು.

ಪತ್ತೇದಾರರು ಅವಳನ್ನು ಅಳಲು ಬಿಟ್ಟರು. ಆಮೇಲೆ ಕೇಳಿದರು: "ನಿನ್ನ ತಮ್ಮನ ಪಾಲುದಾರ ಇವತ್ತು ಬರ್ತಾನೆ ಅಂದಿದ್ಯಲ್ಲ?"

"ಹೂಂ. ಸಹಿಗೆ. ತಮ್ಮ ತೀರಿಕೊಂಡ ಅಂತ ನಾನು ಬರೆದುಕೊಡ್ಬೇಕಂತೆ. ಇಲ್ಲದಿದ್ರೆ ಅವರ ಕಂಪನಿ ಕೆಲಸ ಮುಂದಕ್ಕೆ ಹೋಗಲ್ವಂತೆ. ಈಗ ಯಾಕೆ ಹಾಕ್ಲಿ? ಬಂದ ಕೂಡ್ಲೇ ಅವನಿಗೂ ಹೇಳ್ತೀನಿ. ಕುಣಿದಾಡ್ತಾನೆ."

"ಏನೂ ಹೇಳ್ಬೇಡ," ಎಂದರು ಪತ್ತೇದಾರರು. "ಅವನು ಬಂದಾಗ ನಾನು ಮಾತಾಡ್ತೀನಿ. ನೀನು ಅವನ ಕೈ ನೋಡ್ತಾ ಇರು, ಸಾಕು."

ಪಾಲುದಾರ ಚಪ್ಪಲಿ ಬಿಟ್ಟು ನೇರ ಒಳಗೆ ಬಂದ. ಈ ಮನೆಯಲ್ಲಿ ಅವನಿಗೆ ಬಾಗಿಲು ತಟ್ಟುವ ರೂಢಿಯಿರಲಿಲ್ಲ. ಕಾಲೇಜಿನ ದಿನಗಳಿಂದ ತಮ್ಮನೊಂದಿಗೆ ಇಲ್ಲೇ ಉಂಡು, ಇಲ್ಲೇ ಮಲಗಿ ಬೆಳೆದವನು. ಮಂಜಿನಲ್ಲಿ ದೋಣಿಗೆ ದಾರಿ ತೋರಿಸುವ ಪ್ರೋಗ್ರಾಮನ್ನು ಇಬ್ಬರೂ ಸೇರಿ ಬರೆದಿದ್ದರು.

"ಅಕ್ಕಾ, ಹೇಗಿದ್ದೀಯ? ಸೊರಗಿ ಹೋಗಿದ್ದೀಯಲ್ಲ." ಹೆಗಲ ಬ್ಯಾಗನ್ನು ಕುರ್ಚಿಯ ಕಾಲಬಳಿ ಇಟ್ಟ. ಪತ್ತೇದಾರರನ್ನು ಕಂಡು ತಲೆಬಾಗಿಸಿದ. "ನಮಸ್ಕಾರ ಸರ್." ಹೊಸ ಕಂಪ್ಯೂಟರಿನ ಮೇಲೆ ಕಣ್ಣು ಬಿತ್ತು. "ಯಾವಾಗ ತಗೊಂಡೆ?"

"ಮೊನ್ನೆ," ಎಂದಳು ಅಕ್ಕ.

ಅವಳು ಕೊಟ್ಟ ಚಹಾ ಲೋಟವನ್ನು ಅವನು ಎಡಗೈಯಲ್ಲಿ ತೆಗೆದುಕೊಂಡ. ಅವನು ಸಹಿಗೆ ತಂದಿದ್ದ ಕಾಗದವನ್ನು ಪತ್ತೇದಾರರು ಓದಿ ಕೆಳಗಿಟ್ಟರು.

"ಎಲ್ಲ ಸರಿ ಇದೆಯಪ್ಪ. ಒಂದು ಸಾಲು ಕಮ್ಮಿ. ಅವನ ಕಂಪ್ಯೂಟರ್ ವಿಷಯ ಇಲ್ಲ. ನಾಳೆ ಯಾರಾದ್ರೂ ಕೇಳ್ತಾರೆ. ನನಗೆ ಟೈಪು ಬರಲ್ಲ, ಈಯಮ್ಮನ ಕೈ ನಡುಗ್ತಿದೆ. ನೀನೇ ಹೊಡೆದುಕೊಡು. 'ಅವನ ಕಂಪ್ಯೂಟರ್ ಅವನ ಜೊತೆಯಲ್ಲೇ ನೀರುಪಾಲಾಯಿತು.' ಅಷ್ಟೇ."

ಪಾಲುದಾರ ಒಂದು ಗಳಿಗೆ ಹಿಂದುಮುಂದು ನೋಡಿದ. ಅಕ್ಕ ಅಷ್ಟರಲ್ಲಿ ಪರದೆಯ ಮೇಲೆ ಖಾಲಿ ಹಾಳೆ ತೆರೆದಿಟ್ಟಿದ್ದಳು. ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತ. ಬೆರಳುಗಳು ಓಡಿದವು. ಸಾಲು ಮುಗಿಯಿತು. ಚುಕ್ಕಿ ಬಿತ್ತು.

ಅವನ ಎಡಗೈಯ ಕಿರುಬೆರಳು ಕೀಬೋರ್ಡಿನ ಎಡತುದಿಯ ಕೀಯನ್ನು ಒತ್ತಿತು.

ಪರದೆಯ ಕೆಳಗೆ 'ಉಳಿಸಲಾಗಿದೆ' ಎಂದು ಬಂತು.

"ಆಯ್ತು ಸರ್," ಎಂದ ಅವನು.

ಅಕ್ಕನಿಗೆ ಅವನ ಬೆರಳಿನಿಂದ ಕಣ್ಣು ಕೀಳಲಾಗಲಿಲ್ಲ. ಇವನು ಎಡಚ. ಈ ಮನೆಯಲ್ಲಿ ಎಷ್ಟು ಬಾರಿ ಎಡಗೈ ಅನ್ನಕ್ಕೆ ಹಾಕಿದನೆಂದು ಅವಳೇ ಗದರಿದ್ದಳೋ! ಗೊತ್ತಿದ್ದೂ ಹೊಳೆದಿರಲಿಲ್ಲ. ಆಸೆ ಕಣ್ಣು ಕಟ್ಟಿತ್ತು.

"ಬೇರೆ ಯಾರಾದ್ರೂ ಆಗಿದ್ರೆ ಎರಡು ಕೀ ಒಟ್ಟಿಗೆ ಒತ್ತಿರೋರು," ಪತ್ತೇದಾರರು ನಿಧಾನವಾಗಿ ಹೇಳಿದರು. "ಅವನ ಹಳೇ ಅಭ್ಯಾಸ ಗೊತ್ತಿದ್ದೋರು ಬಲತುದಿ ಒತ್ತಿರೋರು. ಎಡತುದಿ ಒತ್ತೋಕೆ, ಅವನು ಹೋದ ಮೇಲೆ ಅವನ ಕಂಪ್ಯೂಟರಲ್ಲಿ ಕೂತಿರ್ಬೇಕು. ನೀರಲ್ಲಿ ಮುಳುಗಿರೋ ಕಂಪ್ಯೂಟರಲ್ಲಿ ನೀನು ಹೇಗಪ್ಪ ಕೂತೆ?"

ಪಾಲುದಾರ ಎದ್ದು ನಿಂತ. ಬಾಗಿಲ ಕಡೆ ನೋಡಿದ. ಅಕ್ಕನ ಮುಖ ನೋಡಿದ. ಮತ್ತೆ ಕುಸಿದು ಕೂತ.

"ಏನು ಸರ್ ನೀವು... ಕೈತಪ್ಪಿ..."

"ಕೈ ತಪ್ಪಿಲ್ಲ ಕಣೋ," ಎಂದಳು ಅಕ್ಕ. "ಕಣ್ಣು ಕೂಡ ಹಾಯಿಸ್ಲಿಲ್ಲ ನೀನು. ಎಲ್ಲಿದೆ ಅದು?"

ಅವನು ಬಾಗಿ ಬ್ಯಾಗಿನ ಜಿಪ್ಪು ಎಳೆದ. ಒಳಗಿನಿಂದ ಹಳೆಯ ಬೂದುಬಣ್ಣದ ಕಂಪ್ಯೂಟರನ್ನು ತೆಗೆದು ಮೇಜಿನ ಮೇಲಿಟ್ಟ. ಮುಚ್ಚಿತ್ತು. ಮೂಲೆಯಲ್ಲಿ ತಗ್ಗು. ಮುಚ್ಚಳದ ಮೇಲೆ ಅಕ್ಕ ತಮಾಷೆಗೆ ಅಂಟಿಸಿದ್ದ ಹಲ್ಲಿನ ಚಿತ್ರ, ಒಂದು ಅಂಚು ಎದ್ದುಬಂದಿತ್ತು.

ಅಕ್ಕ ಆ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಅದು ಮತ್ತೆ ಎದ್ದಿತು. ಮತ್ತೆ ಒತ್ತಿದಳು.

"ನೀನು ಇಲ್ಲಿ ಊಟಕ್ಕೆ ಬಂದಾಗೆಲ್ಲ," ಎಂದಳು, "ಇದು ನಿನ್ನ ಬ್ಯಾಗಲ್ಲೇ ಇತ್ತಾ?"

ಅವನು ಖಾಲಿ ಬ್ಯಾಗಿನ ಜಿಪ್ಪನ್ನು ಮತ್ತೆ ಎಳೆದು ಮುಚ್ಚಿದ.

"ಅವತ್ತು ಏನಾಯ್ತು?" ಪತ್ತೇದಾರರು ಕೇಳಿದರು.

"ಪ್ರೋಗ್ರಾಂ ಇನ್ನೂ ಸರಿಯಾಗಿಲ್ಲ, ಮಂಜಲ್ಲಿ ಕಂಬದ ಅಂದಾಜು ತಪ್ತಿದೆ ಅಂತ ಕಡ್ಡಿ ಬಡ್ಕೊಂಡ. ಇನ್ನೂ ಒಂದಿಷ್ಟು ದಿನ ತಡೆಯೋಣ ಅಂದ. ನಾನು ಆಗ್ಲೇ ದೋಣಿಗೆ ಹಾಕಿಬಿಟ್ಟಿದ್ದೆ ಸರ್. ಅವನಿಗೆ ಹೇಳಿರ್ಲಿಲ್ಲ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ದೋಣಿ ಹೊರಡೋ ಹೊತ್ತಿಗೆ ಗೊತ್ತಾಯ್ತು ಅವನಿಗೆ. ಬ್ಯಾಗು ನನ್ನ ಮೇಲೆ ಎಸೆದ. ಚಾಲಕನಿಗೆ ಹೇಳಿ ನಿಲ್ಲಿಸ್ತೀನಿ ಅಂತ ದೋಣಿಗೆ ಹಾರಿಬಿಟ್ಟ. ಮಂಜಲ್ಲಿ ಅವನ ಬೆನ್ನು ಕಾಣಿಸ್ತು. ಆಮೇಲೆ ಅದೂ ಕಾಣಿಸ್ಲಿಲ್ಲ."

"ಇದನ್ನ ಯಾಕೆ ಬಚ್ಚಿಟ್ಟೆ?"

"ತಪ್ಪು ಎಲ್ಲಿದೆ ಅಂತ ಅವನು ಕಂಡುಹಿಡಿದಿದ್ದ. ಅದು ಇದರಲ್ಲಿ ಮಾತ್ರ ಇತ್ತು. ಸರಿಮಾಡಿ ಆಮೇಲೆ ಒಪ್ಪಿಸೋಣ ಅಂತ... ದಿನ ಹೋಗ್ತಾ ಹೋಗ್ತಾ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ. ಬಲಗಡೆ ಕೀ ನನ್ನ ಕೈಗೆ ಒಗ್ಗಲಿಲ್ಲ, ಎಡಕ್ಕೆ ತಂದ್ಕೊಂಡೆ. ಅದು ತಾನಾಗೇ ಹೊರಗೆ ಹೋಗಿ ಕೂರುತ್ತೆ ಅಂತ ಗೊತ್ತಿರ್ಲಿಲ್ಲ."

ಹಾಗಾದರೆ ಪೆಟ್ಟಾದ ಬಲಗೈ ಇರಲಿಲ್ಲ. ಎಲ್ಲೋ ಮಲಗಿ ಒಂದೇ ಕೈಯಲ್ಲಿ ಬರೆಯುತ್ತಿದ್ದ ತಮ್ಮನೂ ಇರಲಿಲ್ಲ. ಒಂದು ಲೋಟ ಚಹಾ ಆರುವಷ್ಟು ಹೊತ್ತು ಮಾತ್ರ ಅವನು ಬದುಕಿದ್ದ.

ಅಕ್ಕ ಹಳೆಯ ಕಂಪ್ಯೂಟರನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಕಬ್ಬಿಣದ ತುಂಡಿನಂತೆ ತಣ್ಣಗಿತ್ತು. ಅವನ ಕೈಯಲ್ಲಿದ್ದಾಗ ಯಾವಾಗಲೂ ಬೆಚ್ಚಗಿರುತ್ತಿತ್ತು. ಕೆಲಸ ಮುಗಿಸಿ ಏಳುವಾಗ, "ಮುಟ್ಟಿ ನೋಡಕ್ಕಾ, ಇದಕ್ಕೂ ಜ್ವರ" ಎನ್ನುತ್ತಿದ್ದ.

"ಅಕ್ಕಾ, ಬೈದುಬಿಡು," ಎಂದ ಪಾಲುದಾರ. "ಹೊಡೆದುಬಿಡು. ಹೀಗೆ ಸುಮ್ನಿರ್ಬೇಡ."

ಅವಳು ತಲೆಯೆತ್ತಿದಳು. ಏನೋ ಹೇಳಲು ಬಾಯಿ ತೆರೆದಳು.

ಅವನ ಬೆನ್ನ ಹಿಂದೆ ಹೊಸ ಕಂಪ್ಯೂಟರಿನ ಪರದೆ ಬಣ್ಣ ಬದಲಾಯಿಸಿತು.

ಕಪ್ಪು ಹೋಗಿ ಬೆಣ್ಣೆಯಂಥ ತಿಳಿಹಳದಿ ಬಂತು. ಬಿಳಿಯ ಅಕ್ಷರಗಳು ಕಂದು ಬಣ್ಣಕ್ಕೆ ತಿರುಗಿದವು, ಒಂದು ಸುತ್ತು ದಪ್ಪವಾದವು. ಮೂವರಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ.

"ಇದೇನು?" ಪತ್ತೇದಾರರು ಎದ್ದರು.

"ಉಗ್ರಾಣದಲ್ಲಿ ಏನಾದ್ರೂ ಬದಲಾದ್ರೆ ತಾನಾಗೇ ಇಲ್ಲಿಗೆ ಬರುತ್ತೆ..." ಅಕ್ಕ ತಡವರಿಸುತ್ತ, ಪಾಲುದಾರ ಎದ್ದು ಬಿಟ್ಟ ಕುರ್ಚಿಗೆ ಬಂದಳು. ಮಡಿಲಲ್ಲಿದ್ದದ್ದನ್ನು ಬಿಡಲಿಲ್ಲ. ಒಂದೇ ಕೈಯಿಂದ ಬದಲಾವಣೆಗಳ ಸಾಲನ್ನು ತೆರೆದಳು. ಕಾರಣವಿಲ್ಲದ ಆ ಎರಡರ ಕೆಳಗೆ ಹೊಸದೊಂದು ಬಂದಿತ್ತು. 'ಅಕ್ಕ' ಎಂಬ ಹೆಸರಿನ ಕಂಪ್ಯೂಟರಿಗೆ ಮಾತ್ರ ಅನ್ವಯಿಸುವಂಥದ್ದು. ಅದಕ್ಕೆ ಕಾರಣವಿತ್ತು.

'ಅಕ್ಕನ ಕಣ್ಣಿಗೆ ಕಪ್ಪು ಆಗಿಬರಲ್ಲ. ಹಲ್ಲು ನೋಡಿ ನೋಡಿ ಮೊದಲೇ ದಣಿದಿರುತ್ತೆ.'

"ನಾನಲ್ಲ," ಎಂದ ಪಾಲುದಾರ. "ಅಕ್ಕಾ, ಅದು ನಿನ್ನ ಮಡಿಲಲ್ಲೇ ಇದೆ. ಆಫ್ ಆಗಿದೆ. ನಾನಲ್ಲ."

"ಯಾವ ಯಂತ್ರದಿಂದ ಬಂದಿದೆ, ನೋಡು," ಎಂದರು ಪತ್ತೇದಾರರು.

ಅವಳು ನೋಡಿದಳು. 'ಕಡ್ಡಿ' ಅಲ್ಲ. ಹಿಂದೆಂದೂ ಆ ಉಗ್ರಾಣದಲ್ಲಿ ಇರದಿದ್ದ ಹೆಸರು.

'ದಡ'.

ಅಕ್ಕ ಯಾರನ್ನೂ ಕೇಳಲಿಲ್ಲ. ಬಣ್ಣದ ಫೈಲನ್ನು ತೆರೆದು, ಕಾರಣದ ಜಾಗದಲ್ಲಿ ಬರೆದಳು. ಎರಡು ಸಲ ಅಳಿಸಿ ಬರೆಯಬೇಕಾಯಿತು.

'ಎಲ್ಲಿದ್ದೀಯೋ? ನಾನು ಮನೇಲೇ ಇದೀನಿ. ನಿನ್ನ ಗೆಳೆಯ ಇದಾನೆ, ಎಲ್ಲ ಹೇಳಿದ. ಪತ್ತೇದಾರರೂ ಇದಾರೆ. ಎಲ್ಲಿ ಅಂತ ಹೇಳು, ಈಗ್ಲೇ ಬರ್ತೀನಿ.'

ಕಳಿಸಿದಳು.

ತಿಳಿಹಳದಿಯ ಬೆಳಕು ಪ್ಲಾಸ್ಟರಿನ ದವಡೆಗಳ ಮೇಲೆ ಬಿದ್ದಿತ್ತು. ಅಕ್ಕ ಪರದೆಗೆ ಮುಖ ತಾಗುವಷ್ಟು ಹತ್ತಿರ ಬಾಗಿದ್ದಳು. ಇದು ಅವನೇ ಆಗಿರಲಿ. ಬೈಯಲಿ, ಅಣಕಿಸಲಿ, ಅಕ್ಷರ ತಪ್ಪು ಬರೆದೆ ಅನ್ನಲಿ. ಏನಾದರೂ ಅನ್ನಲಿ.

ಸಾಲು ಒಂದು ಮನೆ ಮೇಲಕ್ಕೆ ಸರಿಯಿತು. ಕೆಳಗೆ ಹೊಸದು ಬಂತು.

'ಅವನು ಇರಲಿ. ಅವರನ್ನು ಹೊರಗೆ ಕಳಿಸು.'

ಅಕ್ಕ ಅದನ್ನು ಒಂದು ಬಾರಿ ಓದಿದಳು. ಇನ್ನೊಂದು ಬಾರಿ ಓದುವ ಅಗತ್ಯವಿರಲಿಲ್ಲ. ತಮ್ಮ ಹುಟ್ಟಿದಾಗಿನಿಂದ ತನ್ನ ಗೆಳೆಯರಲ್ಲಿ ಒಬ್ಬನನ್ನೂ 'ಅವರು' ಎಂದವನಲ್ಲ.

ನಿಧಾನವಾಗಿ ತಲೆ ತಿರುಗಿಸಿದಳು. ಪತ್ತೇದಾರರು ಅವಳ ಹೆಗಲಿನ ಹಿಂದೆಯೇ ನಿಂತಿದ್ದರು. ಅವರೂ ಓದಿದ್ದರು.

"ಸರ್," ಎಂದಳು, "ನನ್ನ ತಮ್ಮ ನಿಮಗೆ ಹೇಗೆ ಪರಿಚಯ?"

ಅವರು ಅವಳನ್ನೇ ನೋಡಿದರು. ಮುಖದಲ್ಲಿ ಕೋಪವಿರಲಿಲ್ಲ, ಒಬ್ಬನನ್ನು ಬಹಳ ದಿನ ಹುಡುಕಿಕೊಂಡು ಬಂದವರ ಆಯಾಸವಿತ್ತು. ಆಮೇಲೆ ಬಾಗಿಲಿನವರೆಗೆ ಹೋದರು. ಪಾಲುದಾರ ಅವರಿಗೆ ದಾರಿ ಬಿಟ್ಟು ಗೋಡೆಗೆ ಸರಿದ.

ಪತ್ತೇದಾರರು ಹೊರಗೆ ಹೋಗಲಿಲ್ಲ. ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿದರು.

"ಅವನಿಗೆ ಬರಿಯಮ್ಮ," ಎಂದರು. "ಅವರು ಹೊರಗೆ ಹೋದ್ರು ಅಂತ ಬರಿ."